ಕಂದಕವಿಲ್ಲದ ಅರಮನೆ: ಉರ್ಬಿನೊ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಮಗಳ ಜೊತೆ ಇಟಲಿಗೆ ಹೋಗಿದ್ದಾಗ ಉರ್ಬಿನೊ ಎಂಬ ಬೆಟ್ಟದ ಊರನ್ನು ನೋಡಿದೆ. ಕೆಳಗಿನ ಮೈದಾನದಲ್ಲಿ ನಿಂತರೆ ಎರಡು ಗೋಪುರಗಳ ದೊಡ್ಡ ಕೋಟೆ ಕಾಣುತ್ತದೆ. ಮೇಲೆ ಹತ್ತಿ ಊರ ಕಡೆಯಿಂದ ಹೋದರೆ ಕಂದಕ ಇಲ್ಲ, ಬುರುಜು ಇಲ್ಲ, ಬೀದಿಯಿಂದಲೇ ಒಳಗೆ ಬಾಗಿಲು. ಗೋಡೆಯ ತುಂಬ ಚೌಕ ತೂತುಗಳಿದ್ದವು, ಅವು ಬಂದೂಕಿನ ಕಿಂಡಿಗಳಾ? ನಾನು ಚಿತ್ರದುರ್ಗ ನೋಡಿ ಬೆಳೆದವನು. ಇದನ್ನು ಕೋಟೆ ಅನ್ನಬೇಕೋ ಅರಮನೆ ಅನ್ನಬೇಕೋ ಗೊತ್ತಾಗಲಿಲ್ಲ. ಇಲ್ಲಿನ ದೊರೆಗಳು ನಮ್ಮ ಪಾಳೇಗಾರರ ಹಾಗೆಯೇ? ಮಗಳ ಪ್ರಶ್ನೆಯೂ ಒಂದಿದೆ: ಅರಮನೆ ಕಟ್ಟಿಸಿದ ದೊರೆ ಫೆಡೆರಿಕೊನ ಚಿತ್ರಗಳಲ್ಲಿ ಯಾವಾಗಲೂ ಎಡಗಡೆಯ ಮುಖವೇ ಯಾಕೆ ಕಾಣುತ್ತದೆ?

ಉತ್ತರ: ಮೊದಲು ಆ ತೂತುಗಳ ವಿಷಯ ಮುಗಿಸಿಬಿಡುತ್ತೇನೆ. ಅವು ಸಾರವೆ ಕಟ್ಟಲು ಬಿಟ್ಟ ತೂತುಗಳು. ಗೋಡೆ ಏಳುತ್ತಾ ಹೋದ ಹಾಗೆ ಗಾರೆಯವರು ಮರದ ತೊಲೆಗಳನ್ನು ಗೋಡೆಯೊಳಕ್ಕೇ ಸಿಕ್ಕಿಸಿ, ಅದರ ಮೇಲೆ ಹಲಗೆ ಹಾಸಿ ನಿಂತು ಕೆಲಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ತೂತು ಮುಚ್ಚಿ, ಮೇಲೆ ಕಲ್ಲಿನ ಹಲಗೆ ಹೊದಿಸಬೇಕಿತ್ತು. ಉರ್ಬಿನೊದಲ್ಲಿ ಚೌಕದ ಕಡೆಯ ಗೋಡೆಗೆ ಬಿಳಿ ಕಲ್ಲು ಹೊದಿಸುವ ಕೆಲಸ ಅರ್ಧಕ್ಕೇ ನಿಂತಿತು. ಒಂದು ಕಡೆ ಕೆತ್ತನೆಯ ಕಿಟಕಿ ಚೌಕಟ್ಟು, ಪಕ್ಕದಲ್ಲೇ ಬರೀ ಇಟ್ಟಿಗೆ. ನೀವು ನೋಡಿದ್ದು ಮುಗಿಯದ ಮನೆ.

ಆ ಗೋಡೆಯ ಬುಡದಲ್ಲಿ ಉದ್ದಕ್ಕೂ ಒಂದು ಕಲ್ಲಿನ ಜಗಲಿ ಇದೆ, ಗಮನಿಸಿದ್ರಾ? ಊರಿನ ಯಾರು ಬೇಕಾದರೂ ಅಲ್ಲಿ ಕೂರಬಹುದಿತ್ತು. ಆ ಜಗಲಿಗೆ ಬೆನ್ನು ಆನಿಸುವ ಜಾಗದಲ್ಲಿ ಒಂದು ಕಾಲಕ್ಕೆ 72 ಕೆತ್ತನೆಯ ಕಲ್ಲುಗಳಿದ್ದವು. ಯುದ್ಧದ ಯಂತ್ರಗಳು, ಭಾರ ಎತ್ತುವ ರಾಟೆಗಳು, ಫಿರಂಗಿಗಳು, ಏಣಿಗಳು. 18ನೇ ಶತಮಾನದಲ್ಲಿ ಮಳೆ ಗಾಳಿಗೆ ಹಾಳಾಗುತ್ತವೆ ಎಂದು ಅವನ್ನು ಒಳಗೆ ತಂದಿಟ್ಟರು. ನನಗೆ ಈ ಜಗಲಿ ಬಹಳ ಇಷ್ಟ. ಬೇರೆ ದೊರೆಗಳು ಫಿರಂಗಿಯನ್ನು ಊರ ಕಡೆ ತಿರುಗಿಸಿ ಇಟ್ಟರೆ, ಫೆಡೆರಿಕೊ ಫಿರಂಗಿಯ ಚಿತ್ರ ಕೆತ್ತಿಸಿ ಊರವರ ಬೆನ್ನಿಗೆ ಒರಗುದಿಂಬು ಮಾಡಿಕೊಟ್ಟ.

ಯಾಕೆ ಹೀಗೆ? ಅದಕ್ಕೆ 1444ಕ್ಕೆ ಹೋಗಬೇಕು.

ಉರ್ಬಿನೊ ಆಳುತ್ತಿದ್ದದ್ದು ಮೊಂಟೆಫೆಲ್ಟ್ರೊ ಮನೆತನ. ಆ ವರ್ಷ ಪಟ್ಟದಲ್ಲಿದ್ದವನು ಓಡ್ಡಾಂತೋನಿಯೊ ಎಂಬ ಹದಿಹರೆಯದ ಹುಡುಗ. ತೆರಿಗೆ ಜಾಸ್ತಿ, ನಡತೆ ಸರಿಯಿಲ್ಲ ಎಂಬ ದೂರು. ಜುಲೈ ತಿಂಗಳ ಒಂದು ರಾತ್ರಿ ಊರವರೇ ಅರಮನೆಗೆ ನುಗ್ಗಿ ಅವನನ್ನು ಕೊಂದರು. ಮಾರನೆಯ ದಿನ ಬಂದವನು ಅವನ ಮಲಸೋದರ ಫೆಡೆರಿಕೊ, ಆಗ 22 ವರ್ಷ. ದಾಸಿಯ ಮಗ ಎಂದು ಆಡಿಕೊಳ್ಳುತ್ತಿದ್ದರು, ಮದುವೆಯಾಚೆ ಹುಟ್ಟಿದ್ದಂತೂ ನಿಜ. ಊರವರು ಅವನನ್ನು ಸುಮ್ನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊಲೆಗೆ ಸೇಡು ತೀರಿಸಬಾರದು, ತೆರಿಗೆ ಇಳಿಸಬೇಕು ಎಂದೆಲ್ಲ ಷರತ್ತು ಹಾಕಿದರು. ಅವನು ಒಪ್ಪಿದ ಮೇಲೆಯೇ ದೊರೆಯಾದ.

ಹೀಗೆ ಪಟ್ಟಕ್ಕೆ ಬಂದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಅಣ್ಣತಮ್ಮಂದಿರ ಮನೆಗೆ ಅಪಾಯ ಬಂದದ್ದು ಬೆಟ್ಟದ ಕೆಳಗಿನಿಂದ ಅಲ್ಲ, ಪಕ್ಕದ ಬೀದಿಯಿಂದ. ಈಗ ಎರಡು ದಾರಿ. ಊರಿಗೂ ಮನೆಗೂ ನಡುವೆ ದಪ್ಪ ಗೋಡೆ ಎಬ್ಬಿಸಿ, ಕಂದಕ ತೋಡಿ ಕೂರುವುದು ಒಂದು. ಊರವರಿಗೆ ಸಿಟ್ಟು ಬರದ ಹಾಗೆ ನೋಡಿಕೊಳ್ಳುವುದು ಇನ್ನೊಂದು.

ಮೊದಲ ದಾರಿ ಹಿಡಿದವರೇ ಜಾಸ್ತಿ. ಫೆರಾರದಲ್ಲಿ 1385ರಲ್ಲಿ ತೆರಿಗೆ ವಿರುದ್ಧ ದಂಗೆಯಾಗಿ ಜನ ದೊರೆಯ ಅಧಿಕಾರಿಯೊಬ್ಬನನ್ನು ಕೊಂದರು. ಕೂಡಲೇ ಎಸ್ತೆ ಮನೆತನದವರು ಊರ ನಡುವೆ ನಾಲ್ಕು ಬುರುಜಿನ, ಸುತ್ತಲೂ ನೀರಿನ ಕಂದಕದ ಕೋಟೆ ಕಟ್ಟಿದರು. ಅದು ಬಯಲಿನ ಊರು. ಬೆಟ್ಟದ ಊರೇ ಬೇಕೆಂದರೆ ಪೆರೂಜಾ ಇದೆ. ಆಗ ಮಧ್ಯ ಇಟಲಿಯ ಬಹುಭಾಗಕ್ಕೆ ಪೋಪನೇ ಅರಸ. ಅಲ್ಲಿ 1540ರಲ್ಲಿ ಪೋಪ್ ಮೂರನೇ ಪಾಲ್ ಉಪ್ಪಿನ ತೆರಿಗೆ ಏರಿಸಿದ, ಊರು ತಿರುಗಿಬಿತ್ತು, ಸೋತಿತು. ಆಮೇಲೆ ಪೋಪ್ ಏನು ಮಾಡಿದ ಗೊತ್ತಾ? ಬಾಲ್ಯೋನಿ ಎಂಬ ಸ್ಥಳೀಯ ದೊರೆ ಮನೆತನದ ಮನೆಗಳಿದ್ದ ಇಡೀ ಕೇರಿಯನ್ನೇ ಮುಚ್ಚಿ, ಅದರ ಮೇಲೆ ಕೋಟೆ ಕಟ್ಟಿಸಿದ. ಬೀದಿ, ಬಾಗಿಲು, ಗೋಪುರದ ಬುಡ ಎಲ್ಲ ಕೋಟೆಯ ತಳಪಾಯವಾಯಿತು. ಜನ ಅದನ್ನು ಮರೆಯಲಿಲ್ಲ. ಸುಮಾರು 300 ವರ್ಷ ಕಾದು, 1860ರಲ್ಲಿ ಪೋಪನ ಆಳ್ವಿಕೆ ಹೋದ ಮೇಲೆ ಕೋಟೆಯ ಮೇಲ್ಭಾಗವನ್ನು ಕಿತ್ತು ಹಾಕಿದರು. ಈಗ ಊರಿಗೆ ಹತ್ತುವ ಎಸ್ಕಲೇಟರ್ ಆ ಹೂತ ಬೀದಿಗಳ ಮೂಲಕವೇ ಹೋಗುತ್ತದೆ. ಮುಂದಿನ ಸಲ ಆ ಕಡೆ ಹೋದರೆ ತಪ್ಪಿಸಬೇಡಿ. ಕತ್ತಲೆಯ ಬೀದಿಯಲ್ಲಿ, ತಲೆಯ ಮೇಲೆ ಆಕಾಶದ ಬದಲು ಇಟ್ಟಿಗೆಯ ಕಮಾನು.

ಹಾಗಾಗಿ ಇಂಥ ಯಾವ ಊರಿಗೆ ಹೋದರೂ ನಾನು ಮೊದಲು ನೋಡುವುದು ಒಂದೇ: ದಪ್ಪ ಗೋಡೆ ಯಾವ ಕಡೆಗಿದೆ? ದೊರೆಗೆ ಯಾರ ಭಯ ಇತ್ತು ಎಂಬುದು ಅಲ್ಲೇ ತಿಳಿಯುತ್ತದೆ.

ಉರ್ಬಿನೊದಲ್ಲಿ ಊರ ಕಡೆ ಬಾಗಿಲು, ಜಗಲಿ, ಕಿಟಕಿ. ಬಾಗಿಲು ದಾಟಿದರೆ ಕಂಬಸಾಲಿನ ತೊಟ್ಟಿ, ನೀವೂ ನೋಡಿದ್ದೀರಿ. ಅದನ್ನು ಕಟ್ಟಿದವನು ಸಮುದ್ರದಾಚೆ ಇಟಲಿಗೆ ಎದುರಾಗಿರುವ ಡಾಲ್ಮೇಷಿಯಾ ಕರಾವಳಿಯ ಲುಚಾನೊ ಲೌರಾನ. 1468ರಲ್ಲಿ ಅವನಿಗೆ ಕೊಟ್ಟ ನೇಮಕದ ಪತ್ರ ಉಳಿದಿದೆ. ವಾಸ್ತುಶಿಲ್ಪಿಗಳ ತವರಾದ ಟಸ್ಕನಿಯಲ್ಲೆಲ್ಲ ಹುಡುಕಿದೆ, ಸರಿಯಾದವನು ಸಿಗಲಿಲ್ಲ, ಅದಕ್ಕೆ ಇವನನ್ನು ಹಿಡಿದೆ ಎಂಬ ಧಾಟಿಯಲ್ಲಿ ಫೆಡೆರಿಕೊ ಅದರಲ್ಲಿ ಬರೆದಿದ್ದಾನೆ. ಟಸ್ಕನಿಯವರಿಗೆ ಚೆನ್ನಾಗಿಯೇ ಚುಚ್ಚಿದ್ದಾನೆ, ಅಲ್ವಾ?

ಇನ್ನು ಕೆಳಗಿನಿಂದ ಕಂಡ ಆ ಎರಡು ಗೋಪುರ. ಅವು ಪಶ್ಚಿಮಕ್ಕೆ, ಕಣಿವೆಯ ಕಡೆ ನಿಂತಿವೆ. ದೂರದಿಂದ ಬರುವವನಿಗೆ ಮೊದಲು ಕಾಣುವುದು ಅವೇ. ಆದರೆ ಹತ್ತಿರ ಹೋಗಿ ನೋಡಿ, ಎಷ್ಟು ಸಣ್ಣಗಿವೆ! ಒಳಗೆ ಇರುವುದು ಸುರುಳಿ ಮೆಟ್ಟಿಲು ಮಾತ್ರ. ಎರಡು ಗೋಪುರದ ನಡುವೆ ಒಂದರ ಮೇಲೊಂದು ಮೂರು ತೆರೆದ ಮೊಗಸಾಲೆಗಳು, ಗಾಳಿ ತೆಗೆದುಕೊಳ್ಳಲು, ಸಂಜೆ ನೋಡಲು. ಫಿರಂಗಿ ಗುಂಡು ಬಿದ್ದರೆ ಮೊದಲು ಉರುಳುವುದೇ ಅದು. ಅಂದರೆ ಅದು ಕೋಟೆಯ ವೇಷ. ಬರುವ ರಾಯಭಾರಿಗೆ "ಇಲ್ಲಿ ಒಬ್ಬ ದಂಡನಾಯಕ ಇದ್ದಾನೆ" ಎಂದು ಹೇಳಲು ಅಷ್ಟು ಸಾಕಿತ್ತು.

ಹಾಗಾದರೆ ನಿಜವಾದ ಕೋಟೆ ಎಲ್ಲಿ? ಅರಮನೆಗೆ ಬೆನ್ನು ಮಾಡಿ ಎದುರು ಗುಡ್ಡ ನೋಡಿ. ಉರ್ಬಿನೊ ಎರಡು ಗುಡ್ಡಗಳ ಮೇಲಿನ ಊರು. ಅರಮನೆ ಇರುವುದು ತಗ್ಗಿನ ಗುಡ್ಡದಲ್ಲಿ. ಎತ್ತರದ ಗುಡ್ಡದ ನೆತ್ತಿಯಲ್ಲಿ ಇಟ್ಟಿಗೆಯ ಒಂದು ಮೊಂಡು ಕೋಟೆ ಇದೆ. ಸ್ಪೇನಿನ ಕಾರ್ಡಿನಲ್ ಅಲ್ಬೊರ್ನೊಸ್ ಹೆಸರಿನದು, 14ನೇ ಶತಮಾನದಲ್ಲಿ ಪೋಪನ ಕಡೆಯವರು ಕಟ್ಟಿಸಿದ್ದು. ಪೋಪನಿಗೆ ಊರಿನ ಮೇಲೆ ಒಂದು ಕಣ್ಣಿಡಬೇಕಿತ್ತು, ಅದಕ್ಕೆ ಎತ್ತರ ಹಿಡಿದರು. ಫೆಡೆರಿಕೊ ಅಲ್ಲಿ ಹೋಗಿ ಕೂರಲಿಲ್ಲ. ನೀವು ಅರಮನೆಯ ಫೋಟೊ ತೆಗೆಯುವುದಾದರೆ ಆ ಹುಲ್ಲುಗುಡ್ಡವೇ ಸರಿಯಾದ ಜಾಗ.

ಅವನ ಸ್ವಂತ ಕೋಟೆಗಳು ಇನ್ನೂ ದೂರದಲ್ಲಿದ್ದವು. ಸೀಮೆಯ ಗಡಿಯಲ್ಲಿ, ಕಣಿವೆಗಳ ಬಾಯಲ್ಲಿ, ಒಂದೊಂದು ಬಂಡೆಯ ಮೇಲೂ. 1470ರ ದಶಕದಲ್ಲಿ ಲೌರಾನ ಹೋದ ಮೇಲೆ ಸಿಯೆನಾದ ಫ್ರಾಂಚೆಸ್ಕೊ ಡಿ ಜಾರ್ಜೊ ಬಂದ. ದೊರೆ ತನಗೆ 136 ಕಟ್ಟಡದ ಕೆಲಸ ಒಪ್ಪಿಸಿದ್ದ ಎಂದು ಅವನೇ ಬರೆದುಕೊಂಡಿದ್ದಾನೆ. ಫಿರಂಗಿ ಜೋರಾಗುತ್ತಿದ್ದ ಕಾಲ ಅದು. ಎತ್ತರದ ತೆಳು ಗೋಡೆಗೆ ಬೆಲೆ ಇಲ್ಲ. ಗೋಡೆ ಗಿಡ್ಡವಾಗಬೇಕು, ದಪ್ಪವಾಗಬೇಕು, ಬುಡ ಓರೆಯಾಗಬೇಕು, ಮೂಲೆ ದುಂಡಗಿರಬೇಕು, ಗುಂಡು ಬಡಿದರೆ ಜಾರಿ ಹೋಗುವ ಹಾಗೆ. ಸಾಸ್ಸೊಕೊರ್ವಾರೊ ಕೋಟೆ ನೋಡಿದರೆ ಗೊತ್ತಾಗುತ್ತದೆ. ಮೇಲಿನಿಂದ ನೋಡಿದರೆ ಆಮೆಯ ಆಕಾರ! ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸಾವಿರಾರು ಕಲಾಕೃತಿಗಳನ್ನು ಬಾಂಬಿನಿಂದ ಕಾಪಾಡಲು ಬಚ್ಚಿಟ್ಟ ಜಾಗಗಳಲ್ಲಿ ಅದೂ ಒಂದು. ಉರ್ಬಿನೊದಲ್ಲಿದ್ದ ಕಲಾ ಅಧಿಕಾರಿ ಪಾಸ್ಕ್ವಾಲೆ ರೊತೊಂದಿ ಈ ಕೆಲಸ ಮಾಡಿದವರು. ಫಿರಂಗಿಗೆಂದು ಕಟ್ಟಿದ ಕೋಟೆ ನಿಜವಾಗಿ ಕಾಪಾಡಿದ್ದು 450ಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಅದೂ ಚಿತ್ರಗಳನ್ನು.

ನಿಮಗೆ ಚಿತ್ರದುರ್ಗ ನೆನಪಾಗುವ ಜಾಗ ಸಾನ್ ಲೆಯೊ. ನಾಲ್ಕೂ ಕಡೆ ಕಡಿದಾದ ಬಂಡೆ, ಮೇಲೆ ಊರು, ಊರಿಗಿಂತ ಮೇಲೆ ಕೋಟೆ. ಅದನ್ನು ಯಾರೂ ಗೆಲ್ಲಲಾರರು ಎಂಬ ಮಾತಿತ್ತು. 1441ರಲ್ಲಿ ಇನ್ನೂ ದೊರೆಯಾಗದ ಫೆಡೆರಿಕೊ ಕೆಲವೇ ಜನರನ್ನು ರಾತ್ರಿ ಬಂಡೆ ಹತ್ತಿಸಿ ಅದನ್ನು ಹಿಡಿದ. ಓಬವ್ವನ ಕಿಂಡಿಯ ಕಥೆ ಬಲ್ಲ ನಿಮಗೆ ಇದರಲ್ಲಿ ಆಶ್ಚರ್ಯ ಏನೂ ಇರಲಾರದು. ಅಲ್ಲಿ ಒನಕೆ ಹಿಡಿದು ಯಾರೂ ನಿಂತಿರಲಿಲ್ಲ, ಅಷ್ಟೇ. ಮುಂದೆ ಅದೇ ಕೋಟೆಗೆ ಫ್ರಾಂಚೆಸ್ಕೊ ಡಿ ಜಾರ್ಜೊ ದುಂಡು ಬುರುಜುಗಳನ್ನು ಕಟ್ಟಿದ.

ಪಾಳೇಗಾರರ ಹಾಗೆಯೇ ಎಂದು ಕೇಳಿದಿರಿ. ಅರ್ಧ ಹೌದು. ಮೊಂಟೆಫೆಲ್ಟ್ರೊಗಳು ಹೆಸರಿಗೆ ಪೋಪನ ಪ್ರತಿನಿಧಿಗಳು. ವರ್ಷಕ್ಕೆ ಇಂತಿಷ್ಟು ಕಪ್ಪ ಕೊಡಬೇಕು, ಪ್ರತಿಯಾಗಿ ಸೀಮೆ ಆಳಬಹುದು. ದುರ್ಗದ ನಾಯಕರು ವಿಜಯನಗರಕ್ಕೆ ನಡೆದುಕೊಂಡದ್ದಕ್ಕೂ ಇದಕ್ಕೂ ಹೋಲಿಕೆ ಇದೆ. ಆದರೆ ನಮ್ಮ ಪಾಳೇಗಾರ ದಂಡು ಕಟ್ಟಿಕೊಂಡು ಹೋಗುತ್ತಿದ್ದದ್ದು ಮೇಲಿನ ಅರಸನಿಗಾಗಿ, ಅದು ಅವನ ಋಣ. ಫೆಡೆರಿಕೊ ದಂಡನ್ನು ಬಾಡಿಗೆಗೆ ಕೊಡುತ್ತಿದ್ದ. ಇವತ್ತು ಮಿಲಾನ್, ನಾಳೆ ನೇಪಲ್ಸ್, ಆಮೇಲೆ ಪೋಪ್, ಮತ್ತೊಮ್ಮೆ ಫ್ಲಾರೆನ್ಸ್. ಎಷ್ಟು ಕುದುರೆ, ಎಷ್ಟು ತಿಂಗಳು, ಎಷ್ಟು ಹಣ, ಎಲ್ಲ ಕರಾರು ಪತ್ರದಲ್ಲಿ. ಆ ಕರಾರಿಗೆ ಅಲ್ಲಿ ಕೊಂದೊತ್ತಾ ಎನ್ನುತ್ತಿದ್ದರು. ಯುದ್ಧ ಇಲ್ಲದ ವರ್ಷವೂ ಹಣ ಬರುತ್ತಿತ್ತು. ನಮ್ಮ ಶತ್ರುವಿನ ಕಡೆ ಹೋಗದೆ ಸುಮ್ನೆ ಇರು ಎಂದು ಕೊಡುವ ಹಣ!

ಅರಮನೆಯ ಬಾಗಿಲು ತೆರೆದಿದ್ದ ಗುಟ್ಟು ಇಲ್ಲಿದೆ ಎಂದು ನನ್ನ ಲೆಕ್ಕ. ಉರ್ಬಿನೊ ಬಡ ಬೆಟ್ಟದ ಸೀಮೆ. ಅಂಥ ಅರಮನೆಯನ್ನು ಅಲ್ಲಿನ ತೆರಿಗೆಯಿಂದಲೇ ಕಟ್ಟಲು ಹೋಗಿದ್ದರೆ 1444 ಇನ್ನೊಮ್ಮೆ ಆಗುತ್ತಿತ್ತು. ಫೆಡೆರಿಕೊ ಹೊರಗಿನ ಹಣ ತಂದ. ಅವನ ದಂಡಿಗೆ ಸೇರುತ್ತಿದ್ದವರಲ್ಲಿ ಆ ಬೆಟ್ಟದ ಹಳ್ಳಿಗಳ ಹುಡುಗರೂ ಇದ್ದರು, ಅವರ ಸಂಬಳ ಹಳ್ಳಿಗೆ ಬಂತು. ಕಲ್ಲು ಕೆತ್ತುವವರಿಗೆ, ಇಟ್ಟಿಗೆ ಸುಡುವವರಿಗೆ ವರ್ಷಗಟ್ಟಲೆ ಕೆಲಸ ಸಿಕ್ಕಿತು. ಅವನು ಆಯುಧ ಇಲ್ಲದೆ ಅಂಗಡಿ ಬೀದಿಯಲ್ಲಿ ನಡೆದು ಜನರನ್ನು ಮಾತಾಡಿಸುತ್ತಿದ್ದ ಎಂದು ಫ್ಲಾರೆನ್ಸಿನ ಪುಸ್ತಕ ವ್ಯಾಪಾರಿ ವೆಸ್ಪಾಸಿಯಾನೊ ಹೊಗಳಿದ್ದಾನೆ. ವೆಸ್ಪಾಸಿಯಾನೊಗೆ ಫೆಡೆರಿಕೊ ದೊಡ್ಡ ಗಿರಾಕಿ ಎಂಬುದನ್ನೂ ಮರೆಯಬಾರದು, ಆದರೂ ಮಾತು ಪೂರ್ತಿ ಸುಳ್ಳಿರಲಾರದು.

ಆ ಹಣ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1472ರಲ್ಲಿ ಫ್ಲಾರೆನ್ಸಿನ ಪರವಾಗಿ ಅವನು ಮುತ್ತಿಗೆ ಹಾಕಿದ್ದು ಇನ್ನೊಂದು ಬೆಟ್ಟದ ಊರಿಗೆ, ವೋಲ್ತೆರ್ರಾಗೆ. ಪಟಿಕದ ಗಣಿಯ ಜಗಳ ಅದು. ಬಟ್ಟೆಗೆ ಬಣ್ಣ ಹಿಡಿಯಲು ಪಟಿಕ ಬೇಕೇ ಬೇಕು, ಫ್ಲಾರೆನ್ಸ್ ಬಟ್ಟೆಯ ಊರು. ವೋಲ್ತೆರ್ರಾ ಶರಣಾದ ಮೇಲೂ ಸೈನಿಕರು ಊರನ್ನು ಸೂರೆ ಮಾಡಿದರು. ಫೆಡೆರಿಕೊನ ಹೆಸರಾದ ಪುಸ್ತಕ ಭಂಡಾರಕ್ಕೆ ಅಲ್ಲಿಂದ ಹೀಬ್ರೂ ಹಸ್ತಪ್ರತಿಗಳು ಬಂದವು. ಆಮೇಲೆ ಫ್ಲಾರೆನ್ಸ್‌ನವರು ವೋಲ್ತೆರ್ರಾದ ನೆತ್ತಿಯ ಮೇಲೆ ಒಂದು ದೈತ್ಯ ಕೋಟೆ ಕಟ್ಟಿದರು. ಇವತ್ತಿಗೂ ಅದು ಜೈಲು. ಇನ್ನೊಂದು ವಿಷಯ. 1478ರಲ್ಲಿ ಫ್ಲಾರೆನ್ಸಿನ ಆಡಳಿತ ಕೈಯಲ್ಲಿಟ್ಟುಕೊಂಡಿದ್ದ ಮೆಡಿಚಿ ಮನೆತನದ ಸೋದರರನ್ನು ಕೊಲ್ಲುವ ಸಂಚಿನಲ್ಲಿ ಫೆಡೆರಿಕೊನ ಕೈ ಇತ್ತು ಎಂಬುದು, ಅವನ ಗುಪ್ತ ಲಿಪಿಯ ಪತ್ರವೊಂದನ್ನು ನಮ್ಮ ಕಾಲದಲ್ಲಿ ಬಿಡಿಸಿ ಓದಿದ ಮೇಲೆ ಗೊತ್ತಾಯಿತು. ತನ್ನ ಊರಲ್ಲಿ ಜಗಲಿ ಕಟ್ಟಿಸಿದವನು ಬೇರೆಯವರ ಊರಲ್ಲಿ ಏನು ಮಾಡಿದ ಎಂಬುದು ಬೇರೆಯೇ ಲೆಕ್ಕ.

ತೆರೆದ ಅರಮನೆಯ ಪರೀಕ್ಷೆ ಮಗನ ಕಾಲದಲ್ಲಿ ಆಯಿತು. ಫೆಡೆರಿಕೊ 1482ರಲ್ಲಿ ತೀರಿಕೊಂಡ. ಮಗ ಗ್ವಿದೊಬಾಲ್ಡೊ ಒಳ್ಳೆಯವನು, ಆದರೆ ಕಾಯಿಲೆಯ ಮನುಷ್ಯ. 1502ರ ಜೂನ್‌ನಲ್ಲಿ ಪೋಪನ ಮಗ ಚೆಸಾರೆ ಬೋರ್ಜಾ, ನಾನು ಪಕ್ಕದ ಕಾಮೆರಿನೊ ಮೇಲೆ ಹೋಗುತ್ತಿದ್ದೇನೆ, ದಾರಿ ಬಿಡಿ, ಫಿರಂಗಿ ಸಾಲ ಕೊಡಿ ಎಂದು ಕೇಳಿದ. ಗ್ವಿದೊಬಾಲ್ಡೊ ನಂಬಿದ. ಬೋರ್ಜಾ ನೇರ ಉರ್ಬಿನೊಗೆ ತಿರುಗಿದ. ಗ್ವಿದೊಬಾಲ್ಡೊ ರಾತ್ರೋರಾತ್ರಿ ಓಡಿಹೋದ. ಒಂದು ಗುಂಡು ಹಾರಲಿಲ್ಲ. ಅರಮನೆಯ ಒಡವೆ ವಸ್ತುಗಳನ್ನೆಲ್ಲ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋದರು. ಆಗ ಬೋರ್ಜಾನ ಜೊತೆ ಎಂಜಿನಿಯರ್ ಆಗಿದ್ದವನು ಲಿಯೊನಾರ್ಡೊ ದ ವಿಂಚಿ. ಅವನು ಉರ್ಬಿನೊದ ಕೋಟೆ ಮತ್ತು ಅರಮನೆಯ ಮೆಟ್ಟಿಲ ಚಿತ್ರ ಬರೆದುಕೊಂಡ. ಜೊತೆಗೆ ಒಂದು ಪಾರಿವಾಳದ ಗೂಡಿನ ಚಿತ್ರವನ್ನೂ!

ಹಾಗಾದರೆ ಕಂದಕ ಇದ್ದಿದ್ದರೆ ಉಳಿಯುತ್ತಿತ್ತಾ? ಗಡಿಯ ಕೋಟೆಗಳೆಲ್ಲ ಇದ್ದವಲ್ಲ, ಅವೂ ಬೋರ್ಜಾನ ಪಾಲಾದವು. ಅಕ್ಟೋಬರ್‌ನಲ್ಲಿ ಸಾನ್ ಲೆಯೊ ಜನ ಅದನ್ನು ಮರಳಿ ಹಿಡಿದದ್ದು ಹೇಗೆ ಗೊತ್ತೇ? ಕೋಟೆಯ ರಿಪೇರಿಗೆ ಮರದ ದಿಮ್ಮಿ ಸಾಗಿಸುತ್ತಿದ್ದವರು ದಿಮ್ಮಿಗಳನ್ನು ಎತ್ತುಸೇತುವೆಯ ಮೇಲೆಯೇ ಅಡ್ಡ ಬೀಳಿಸಿದರು. ಸೇತುವೆ ಮೇಲೇಳಲಿಲ್ಲ, ಹೊರಗೆ ಅಡಗಿದ್ದವರು ನುಗ್ಗಿದರು. ಇಡೀ ಸೀಮೆ ಎದ್ದಿತು, ಗ್ವಿದೊಬಾಲ್ಡೊ ವಾಪಸ್ ಬಂದ. ವರ್ಷದ ಕೊನೆಗೆ ಮತ್ತೆ ಊರು ಬಿಡಬೇಕಾಯಿತು. ಆಗ ಅವನು ಮಾಡಿದ ಕೆಲಸ ನೋಡಿ: ಅಪ್ಪ ಕಟ್ಟಿಸಿದ ಹಲವು ಕೋಟೆಗಳನ್ನು ತಾನೇ ಕೆಡವಿಸಿದ. ಜನ ನನ್ನ ಕಡೆ ಇದ್ದಾರೆ, ಕೋಟೆ ಇದ್ದರೆ ಉಪಯೋಗ ಆಗುವುದು ಬಂದು ಹಿಡಿದವನಿಗೆ ಎಂಬ ಲೆಕ್ಕ. ಆ ಕಾಲದ ರಾಜನೀತಿಯ ಲೇಖಕ ಮಕಿಯವೆಲ್ಲಿ ಕೋಟೆಗಳು ಉಪಯೋಗವೋ ಅಲ್ಲವೋ ಎಂದು ಚರ್ಚಿಸುವಾಗ ಈ ಉದಾಹರಣೆಯನ್ನೇ ಕೊಡುತ್ತಾನೆ. ಮರುವರ್ಷ ಪೋಪ್ ಸತ್ತ, ಬೋರ್ಜಾನ ಬಲ ಮುರಿಯಿತು, ಗ್ವಿದೊಬಾಲ್ಡೊ ಮತ್ತೆ ಬಂದು ಅದೇ ತೆರೆದ ಬಾಗಿಲಿನ ಅರಮನೆಯಲ್ಲಿ ಕೂತ.

ಕೆಡವಿದ್ದರ ಗುರುತು ನೋಡಬೇಕೆಂದರೆ ಕಾಲ್ಯಿ ಎಂಬ ಊರಿಗೆ ಹೋಗಿ, ಉರ್ಬಿನೊದಿಂದ ದೂರವೇನಿಲ್ಲ. ಬೆಟ್ಟದ ಮೇಲಿನ ಕೋಟೆ ಹೋಗಿದೆ. ಕೆಳಗೆ ಊರ ಅಂಚಿನ ದಪ್ಪ ಬುರುಜು ಮಾತ್ರ ಉಳಿದಿದೆ. ಬುರುಜಿನಿಂದ ಮೇಲಿನ ಕೋಟೆಗೆ ನೆಲದೊಳಗೆ ನೂರಾರು ಮೆಟ್ಟಿಲ ಗುಟ್ಟಿನ ದಾರಿ ಇತ್ತು.

ಉರ್ಬಿನೊ ಅರಮನೆಯಲ್ಲಿ ಹೆಚ್ಚಿನವರು ಮೇಲಿನ ಮಹಡಿಯ ಚಿತ್ರಗಳನ್ನು ನೋಡಿ ಬಂದುಬಿಡುತ್ತಾರೆ. ನೆಲಮಾಳಿಗೆಗೆ ಇಳಿದಿರಾ? ಕುದುರೆ ಲಾಯ, ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಬಣ್ಣ ಹಾಕುವ ಕೋಣೆ, ದೊರೆಯ ಸ್ನಾನದ ಮನೆ ಎಲ್ಲ ಅಲ್ಲಿವೆ. ಚಳಿಗಾಲದ ಹಿಮವನ್ನು ಮೇಲಿನಿಂದ ಸುರಿದು ಬೇಸಿಗೆಗೆ ತಂಪು ಇಟ್ಟುಕೊಳ್ಳುವ ಕೋಣೆಯೂ ಇದೆ. ಸುಮಾರು 500 ಜನರ ಮನೆ ಅದು, ಹೊರಗಿನ ಗೋಪುರಕ್ಕಿಂತ ಈ ನೆಲಮಾಳಿಗೆಯೇ ನನಗೆ ಹೆಚ್ಚು ಕಥೆ ಹೇಳಿತು. ನೀವು ನಿಂತಿದ್ದ ಕೆಳಗಿನ ಮೈದಾನದ ಮೂಲೆಯಲ್ಲೊಂದು ದುಂಡು ಬುರುಜು ಇದೆಯಲ್ಲ, ಅದರೊಳಗೆ ಮೆಟ್ಟಿಲಿಲ್ಲದ ಸುರುಳಿ ಇಳಿಜಾರು. ಕುದುರೆಯ ಮೇಲೆ ಕೂತೇ ಮೇಲೆ ಬರಲಿ ಎಂದು ಫ್ರಾಂಚೆಸ್ಕೊ ಡಿ ಜಾರ್ಜೊ ಮಾಡಿದ್ದು.

ಕೊನೆಗೆ ಮಗಳ ಪ್ರಶ್ನೆ. 1450ರಲ್ಲಿ ಒಂದು ಕುದುರೆ ಕಾಳಗದ ಪಂದ್ಯದಲ್ಲಿ ಭರ್ಜಿ ತಗುಲಿ ಫೆಡೆರಿಕೊನ ಬಲಗಣ್ಣು ಹೋಯಿತು. ಅದಕ್ಕೇ ಚಿತ್ರಕಾರರು ಎಡಗಡೆಯಿಂದಲೇ ಬರೆದರು. ಪಿಯೆರೊ ದೆಲ್ಲ ಫ್ರಾಂಚೆಸ್ಕ ಬರೆದ ಹೆಸರಾಂತ ಚಿತ್ರ ಈಗ ಫ್ಲಾರೆನ್ಸಿನಲ್ಲಿದೆ, ನಂತರ ಆಳಿದ ದೊರೆಗಳ ವಂಶವೂ ಮುಗಿದು 1631ರಲ್ಲಿ ಸೀಮೆ ಪೋಪನಿಗೆ ಸೇರಿದಾಗ ಮನೆಯ ಆಸ್ತಿ ಹಂಚಿಹೋಯಿತು. ಆದರೆ ಇನ್ನೊಂದು ಚಿತ್ರ ಅರಮನೆಯಲ್ಲೇ ಇದೆ. ಅದರಲ್ಲಿ ಅವನು ಕುರ್ಚಿಯಲ್ಲಿ ಕೂತು ದಪ್ಪ ಪುಸ್ತಕ ಓದುತ್ತಿದ್ದಾನೆ, ಮೈಮೇಲೆ ಪೂರ್ತಿ ಉಕ್ಕಿನ ಕವಚ, ಶಿರಸ್ತ್ರಾಣ ನೆಲದ ಮೇಲಿದೆ, ಪುಟ್ಟ ಗ್ವಿದೊಬಾಲ್ಡೊ ಮೊಣಕಾಲಿಗೆ ಒರಗಿ ನಿಂತಿದ್ದಾನೆ. ಅಲ್ಲೂ ಎಡಗಡೆಯ ಮುಖವೇ.